ಬಿಚ್ಚಿದ ಸಾಲುಗಳು

ಮಗ್ಗದ ಮುಂದೆ ಕುರಿಯ ತೊಗಲಿನ ಮೇಲೆ ಕೂತು, ನಿನ್ನೆ ನಿಲ್ಲಿಸಿದ್ದ ಜಾಗಕ್ಕೆ ಬೆರಳಿಟ್ಟ ಕೂಡಲೇ ಇವು ತನ್ನ ಗಂಟುಗಳಲ್ಲ ಎಂದು ಇಜ್ಜಾಳಿಗೆ ಅನ್ನಿಸಿತು. ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ. ಅದೇ ಕೆಂಪು, ಗರಗಸದ ಹಲ್ಲಿನಂಥ ಅದೇ ಸಾಲು, ಅದರ ಅಂಚಿಗೆ ಅದೇ ಕೇಸರಿ ಬಣ್ಣದ ಎಳೆ. ಎತ್ತರ ಕೂಡ ನಿನ್ನೆ ಬಿಟ್ಟು ಎದ್ದಷ್ಟೇ. ಆದರೆ ಅವಳು ಕಟ್ಟಿದ ಗಂಟುಗಳು ಗಾಳಿಗೆ ಸಿಕ್ಕ ಜವೆಗೋಧಿಯ ಪೈರಿನ ಹಾಗೆ ಎಡಕ್ಕೆ ವಾಲುತ್ತಿದ್ದವು. ಎಷ್ಟು ಎಚ್ಚರದಿಂದ ಕಟ್ಟಿದರೂ ವಾಲುತ್ತಿದ್ದವು. ಬೆರಳ ಕೆಳಗಿನ ಇವು ನೆಟ್ಟಗೆ ನಿಂತಿದ್ದವು, ಮೈಗೆ ಮೈ ತಾಗಿಸಿಕೊಂಡು, ಇವಳ ಗುರುತೇ ತಮಗಿಲ್ಲ ಎನ್ನುವ ಹಾಗೆ. ಅವಳು ತಿರುಗಿ ಬಾಗಿಲ ಕಡೆ ನೋಡಿದಳು. ಅಂಗಳದಲ್ಲಿ ಬಿಸಿಲು ಬಿಟ್ಟರೆ ಏನೂ ಇರಲಿಲ್ಲ. ಗೋಡೆಯಾಚೆ ಗಂಡನ ಅಕ್ಕ ಮಮ್ಮಾಸ್ ತನ್ನ ಮೇಕೆಯನ್ನು ಬೈಯುತ್ತಿದ್ದಳು. ಗಂಡ ಬಿಹಿ ಮೇಲಿನ ಗದ್ದೆಯ ಕುಸಿದ ಕಟ್ಟೆ ಕಟ್ಟಲು ಬೆಳಿಗ್ಗೆಯೇ ಹೋಗಿದ್ದ. ತಾನು ಹೊಳೆಯಲ್ಲಿ ಉಣ್ಣೆ ತೊಳೆದು ಬರುವಷ್ಟರಲ್ಲಿ ಯಾರೋ ಈ ತೊಗಲಿನ ಮೇಲೆ ಕೂತು ಎದ್ದಿದ್ದಾರೆ. ಅವಳು ತೊಗಲನ್ನು ಮುಟ್ಟಿ ನೋಡಿದಳು. ಬೆಚ್ಚಗಿತ್ತು, ಅದು ತನ್ನದೇ ಮೈಯ ಬಿಸಿಯೋ ಮತ್ತೊಬ್ಬರದೋ ಹೇಗೆ ಹೇಳುವುದು?

ನಿಜವಾಗಿ ನೋಡಿದರೆ ಮಗ್ಗವೇ ತನ್ನದಲ್ಲ. ಇದು ತೂದಾಳ ಮಗ್ಗ. ಬಿಹಿಯ ಮೊದಲ ಹೆಂಡತಿ ತೂದಾ ಮೊಳಕಾಲೆತ್ತರ ನೇಯ್ದು ಬಿಟ್ಟು ಸತ್ತ ರತ್ನಗಂಬಳಿಯನ್ನು ಕತ್ತರಿಸಲು ಯಾರಿಗೂ ಕೈ ಬಂದಿರಲಿಲ್ಲ, ಮುಂದುವರಿಸಲು ಧೈರ್ಯ ಬಂದಿರಲಿಲ್ಲ. ಹಾಸು ಕಟ್ಟಿದ ದಿನ ಮಗ್ಗಕ್ಕೆ ಜೀವ ಬರುತ್ತದೆ, ಕಂಬಳಿ ಮುಗಿಸಿ ನೀರು ಚಿಮುಕಿಸಿ ಕತ್ತರಿಸಿದ ದಿನ ಹೋಗುತ್ತದೆ ಎಂದು ಈ ಕಣಿವೆಯ ಹೆಂಗಸರು ತಿಳಿದವರು. ಅರ್ಧಕ್ಕೆ ನಿಂತದ್ದು ಬದುಕಿಯೂ ಇಲ್ಲ, ಸತ್ತೂ ಇಲ್ಲ. ಇಜ್ಜಾ ಮದುವೆಯಾಗಿ ಬಂದ ದಿನ ಕೋಣೆಯ ಬಾಗಿಲಲ್ಲಿ ನಿಂತು, ತನಗಿಂತ ಮೊದಲೇ ಒಬ್ಬಳು ಗೋಡೆಗೆ ಒರಗಿ ನಿಂತಿದ್ದಾಳೆ ಎಂದುಕೊಂಡು ತಲೆಬಟ್ಟೆ ಸರಿಮಾಡಿಕೊಂಡಿದ್ದಳು. ಆಮೇಲೆ ಅದು ಮಗ್ಗ ಎಂದು ಗೊತ್ತಾಯಿತು. "ನೀನೇ ಮುಗಿಸ್ಬೇಕು ಇದನ್ನ," ಎಂದಿದ್ದಳು ಮಮ್ಮಾಸ್. "ಬರಲ್ಲ ಅಂದ್ರೆ ಕಲ್ತ್ಕೋ. ಹುಟ್ತಾನೇ ಯಾರೂ ಕಲ್ತ್ಕೊಂಡ್ ಬಂದಿರಲ್ಲ." ಆದರೆ ಈ ಸಿರ್ವಾ ಬೆಟ್ಟದ ಬುಡದಲ್ಲಿ ಹುಟ್ಟಿದ ಹೆಣ್ಣುಮಕ್ಕಳು ಒಂದು ಲೆಕ್ಕಕ್ಕೆ ಕಲಿತುಕೊಂಡೇ ಹುಟ್ಟುತ್ತಾರೆ, ಅಮ್ಮನ ಬೆನ್ನ ಹಿಂದೆ ಮಲಗಿ ಕಬ್ಬಿಣದ ಹಣಿಗೆ ಬಡಿಯುವ ಸದ್ದಿಗೆ ನಿದ್ದೆ ಹೋಗುತ್ತಾರೆ. ಇಜ್ಜಾ ಹಾಲುಹಲ್ಲು ಬೀಳುವ ವಯಸ್ಸಿಗೆ ಕಾಸಾಬ್ಲಾಂಕಾದ ದೊಡ್ಡ ಮನೆಯೊಂದಕ್ಕೆ ಕೆಲಸಕ್ಕೆ ಹೋದವಳು. ಅವಳ ಕೈಗೆ ಗೊತ್ತಿದ್ದುದು ಗಾಜು ಒರೆಸುವುದು, ಇನ್ನೊಬ್ಬರ ಮಕ್ಕಳ ತಲೆ ಬಾಚುವುದು, ಮೀನಿನ ಹುರುಪೆ ತೆಗೆಯುವುದು. ಮೀನಿನ ಹುರುಪೆ ತೆಗೆಯುವುದು ಈ ಬೆಟ್ಟದಲ್ಲಿ ಯಾರಿಗೆ ಬೇಕು?

ಮೊದಲ ಸಲ ಗಂಟುಗಳು ನೆಟ್ಟಗಿರುವುದನ್ನು ಕಂಡಾಗ ಅವಳು ಹಿಗ್ಗಿದ್ದಳು, ಅದನ್ನು ನೆನೆದರೆ ಈಗ ಮೈಯೆಲ್ಲ ಉರಿಯುತ್ತಿತ್ತು. ಕೈ ಕೂತಿತು, ಕೊನೆಗೂ ಕೂತಿತು ಎಂದುಕೊಂಡು ಗೋಡೆಯ ಮೇಲಿಂದಲೇ ಮಮ್ಮಾಸಳನ್ನು ಕರೆದು, "ನೋಡಿ ಅತ್ತಿಗೆ, ನಿನ್ನೆ ಕಟ್ಟಿದ್ದು, ಹೆಂಗ್ ಬಂದಿದೆ ನೋಡಿ," ಎಂದು ತೋರಿಸಿದ್ದಳು. ಮಮ್ಮಾಸ್ ಕೈಯ ಹಿಟ್ಟು ಒರೆಸಿಕೊಂಡು ಬಂದು, ಬಗ್ಗಿ, ಹೆಬ್ಬೆರಳಿನಿಂದ ಸಾಲನ್ನು ಸವರಿ, ಸುಮ್ಮನಾಗಿಬಿಟ್ಟಿದ್ದಳು. ಸಾಮಾನ್ಯವಾಗಿ ಒಂದು ಗಂಟು ನೋಡಿದರೆ ಹತ್ತು ಮಾತು ಆಡುವವಳು. ಆವತ್ತು "ಬಂದಿದೆ" ಎಂದಷ್ಟೇ ಹೇಳಿ, ಒಲೆಯ ಮೇಲೆ ರೊಟ್ಟಿ ಇದೆ ಎಂದು ಹೊರಟುಹೋದಳು. ಹೊಟ್ಟೆಕಿಚ್ಚು ಎಂದುಕೊಂಡಿದ್ದಳು ಇಜ್ಜಾ. ಈಗ ಆ ಮೌನ ಬೇರೆ ಬಣ್ಣಕ್ಕೆ ತಿರುಗುತ್ತಿತ್ತು. ತಾನೇ ಬಿಚ್ಚಿ ತಾನೇ ಕಟ್ಟಿದ ಸಾಲನ್ನು ಇನ್ನೊಬ್ಬಳು ತನ್ನದೆಂದು ಜಂಬದಿಂದ ತೋರಿಸಿದಾಗ ಯಾರಾದರೂ ಏನು ಹೇಳಬಲ್ಲರು? ಒಳಗೊಳಗೇ ನಕ್ಕಿರಬೇಕು. ಸಂಜೆ ಬಾವಿಕಟ್ಟೆಯಲ್ಲಿ ಹೇಳಿರಬೇಕು. ಮರುದಿನ ಉಣ್ಣೆಗೆ ಬಣ್ಣ ಹಾಕುವ ಅಂಗಳದಲ್ಲಿ ನೆರೆಯ ಕೆಲ್ತೂಮಾ, "ಏನಮ್ಮ ಕಾಸಾ ಹುಡುಗಿ, ಕೈ ಚೆನ್ನಾಗಿ ಓಡ್ತಿದ್ಯಂತೆ?" ಎಂದು ಕೇಳಿದ್ದು ಸುಮ್ಮನೆ ಕೇಳಿದ್ದಾಗಿರಲಿಲ್ಲ. ಕೆಲ್ತೂಮಾ ಸುಮ್ಮನೆ ಏನನ್ನೂ ಕೇಳುವವಳಲ್ಲ.

ಆ ಮಧ್ಯಾಹ್ನ ಇಜ್ಜಾ ತಲೆಬಟ್ಟೆಯೊಳಗಿನಿಂದ ಒಂದು ಕೂದಲು ಕಿತ್ತಳು. ಕೆಂಪು ಎಳೆಯ ಜೊತೆಗೆ ಅದನ್ನೂ ಸೇರಿಸಿ ಒಂದು ಗಂಟು ಹಾಕಿದಳು. ಅಂಚಿನಿಂದ ಒಳಕ್ಕೆ, ತನಗೆ ಮಾತ್ರ ಗೊತ್ತಾಗುವ ಜಾಗದಲ್ಲಿ. ಹೊಕ್ಕಿನ ಎಳೆ ಹಾಯಿಸಿ ಹಣಿಗೆಯಿಂದ ಬಡಿದಳು. ಬಡಿಯುವಾಗ ತಾನು ಏನೋ ಕೊಳಕು ಕೆಲಸ ಮಾಡುತ್ತಿದ್ದೇನೆ ಎನ್ನಿಸಿತು, ಜೊತೆಗೆ ಹಾಯೆನಿಸಿತು. ಆ ದೊಡ್ಡ ಮನೆಯ ಯಜಮಾನಿ ಸಕ್ಕರೆ ಡಬ್ಬಿಯ ಮುಚ್ಚಳಕ್ಕೆ ದಾರದ ಎಳೆ ಇಟ್ಟು ಮುಚ್ಚುತ್ತಿದ್ದಳು. ದಾರ ಅಲುಗಿದ್ದರೆ ಯಾರೋ ತೆಗೆದಿದ್ದಾರೆ ಎಂದರ್ಥ. ಯಾರೋ ಎಂದರೆ ಒಬ್ಬಳೇ, ಕೆಲಸದ ಹುಡುಗಿ. ಕಲಿಯಲೆಂದು ಕಲಿತ ಗಂಟು ಕೈಗೆ ಹತ್ತಲಿಲ್ಲ. ಕಲಿಯಬಾರದೆಂದುಕೊಂಡಿದ್ದ ಇದು ಮಾತ್ರ ಎಷ್ಟು ಸಲೀಸಾಗಿ ಬಂತು.

ಮರುದಿನ ರಖೂಷಜ್ಜಿಯ ಅಂಗಳದಲ್ಲಿ ಕೆಂಪು ಬೇಯಿಸುವ ದಿನ. ರಖೂಷ್ ಊರಿಗೆಲ್ಲ ಬಣ್ಣ ಕಲಿಸಿದವಳು. ಒಂದು ಕಣ್ಣಿಗೆ ಪೊರೆ ಬಂದಿತ್ತು, ಇನ್ನೊಂದು ಕಣ್ಣು ಎರಡರ ಕೆಲಸ ಮಾಡುತ್ತಿತ್ತು. ಮಂಜಿಷ್ಠದ ಬೇರನ್ನು ಹಿಂದಿನ ದಿನವೇ ಕುಟ್ಟಿ ನೆನೆಹಾಕಿದ್ದರು. ಪಟಿಕದ ನೀರಿನಲ್ಲಿ ಅದ್ದಿದ ಉಣ್ಣೆಯ ಲಡಿಗಳು ಒಂದು ಕಡೆ ತೊಟ್ಟಿಕ್ಕುತ್ತಿದ್ದವು. ದಾಳಿಂಬೆ ಸಿಪ್ಪೆ ಗೋಣಿಯ ಮೇಲೆ ಒಣಗುತ್ತಿತ್ತು. ಹೆಂಗಸರು ಹಂಡೆಯ ಸುತ್ತ ನಿಂತಿದ್ದರು. ಇಜ್ಜಾ ಮಾತ್ರ ಎಂದಿನಂತೆ ಹಂಡೆಗೆ ಬೆನ್ನು ಹಾಕಿ ನಿಂತು, ಗೋಡೆ ನೋಡುತ್ತ ಮುಂದಿನ ಸಲದ ಬೇರು ಕುಟ್ಟುತ್ತಿದ್ದಳು. ಹೊಸಬರ ಕಣ್ಣು ಬಿದ್ದರೆ ಕೆಂಪು ಕಂದಿಹೋಗುತ್ತದೆ ಎಂಬುದು ಅಜ್ಜಿಯ ಕಟ್ಟಳೆ. ಮದುವೆಯಾಗಿ ಮೂರು ಚಳಿಗಾಲ ಕಳೆದ ಮೇಲೂ ತಾನು ಹೊಸಬಳೇ. ಒಮ್ಮೆ ಕಾಡಿ ಬೇಡಿ ಸ್ವಲ್ಪ ಬೇರು ತಂದು ತನ್ನ ಒಲೆಯ ಮೇಲೆ ಬೇಯಿಸಿದ್ದಳು. ಉಣ್ಣೆ ಒಣಗಿದ ರಕ್ತದ ಬಣ್ಣಕ್ಕೆ ಬಂದಿತ್ತು. "ಕುದಿಸಿಬಿಟ್ಯಾ? ಕುದಿಸ್ಬಾರ್ದು ಕಣೇ, ಬೆಚ್ಚಗೆ ಇಟ್ಟಿರ್ಬೇಕು," ಎಂದಿದ್ದಳು ಅಜ್ಜಿ, ಆಮೇಲೆ. ಯಾಕೆ ಆಮೇಲೆ? ಮೊದಲೇ ಹೇಳಬಹುದಿತ್ತಲ್ಲ. ಈಗಲೂ ಬೆನ್ನ ಹಿಂದೆ ಏನೋ ನೀರಿಗೆ ಬಿದ್ದ ಸಣ್ಣ ಸದ್ದಾಯಿತು. ಒಂದು ಹಿಡಿಯಷ್ಟು ಏನೋ. ಕೇಳಿದರೆ ಯಾರೂ ಹೇಳುವುದಿಲ್ಲ ಎಂದು ಗೊತ್ತಿದ್ದುದರಿಂದ ಕೇಳಲಿಲ್ಲ.

ಬೆಳಿಗ್ಗೆ ಮನೆ ಬಿಡುವ ಮೊದಲು ಕೂದಲು ಇದ್ದಲ್ಲೇ ಇತ್ತು, ಬೆರಳಿಗೆ ಸಿಕ್ಕಿತ್ತು. ಸೌದೆ ಮುಗಿಯಿತೆಂದು ಅಜ್ಜಿ ಕಳಿಸಿದಾಗ ಇಜ್ಜಾ ಮನೆಗೆ ಓಡಿದಳು. ಸೌದೆಯ ಕಡೆ ಹೋಗದೆ ನೇರ ಮಗ್ಗದ ಕೋಣೆಗೆ ನುಗ್ಗಿ ಬೆರಳಿಟ್ಟಳು. ಗಂಟುಗಳು ನೆಟ್ಟಗಿದ್ದವು. ಕೂದಲು ಇರಲಿಲ್ಲ. ಸಾಲಿನ ಆ ತುದಿಯಿಂದ ಈ ತುದಿಯವರೆಗೆ ಹುಡುಕಿದಳು, ನೆಲದ ಮೇಲೆ ಹುಡುಕಿದಳು; ಬಿಚ್ಚಿದ ಒಂದು ಎಳೆ ಕೂಡ ಬಿದ್ದಿರಲಿಲ್ಲ. ಎಷ್ಟು ಅಚ್ಚುಕಟ್ಟಾದ ಕಳ್ಳತನ. ಬೆಳಿಗ್ಗೆ ಅಂಗಳಕ್ಕೆ ಮಮ್ಮಾಸ್ ಎಲ್ಲರಿಗಿಂತ ತಡವಾಗಿ ಬಂದಿದ್ದಳು. ಮೇಕೆ ಹಗ್ಗ ಕಿತ್ತುಕೊಂಡಿತ್ತು ಎಂದಿದ್ದಳು. ಸೌದೆ ಹೊತ್ತು ಮರಳುವಾಗ ಇಜ್ಜಾಳ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಬೆನ್ನ ಮೇಲಿನ ಹೊರೆ ಇಳಿಸುವ ಮೊದಲೇ ಅವಳ ಬಾಯಿಂದ ಮಾತು ಬಂದುಹೋಗಿತ್ತು.

"ಅತ್ತಿಗೆ, ನಾನ್ ಕಟ್ಟಿದ್ದನ್ನ ದಿನಾ ಯಾಕೆ ಬಿಚ್ತೀರ?"

ಮಮ್ಮಾಸ್ ಲಡಿಯೊಂದನ್ನು ಕೋಲಿನಿಂದ ಎತ್ತಿ ಹಿಡಿದಿದ್ದಳು; ಕೆಂಪು ನೀರು ಅವಳ ಮೊಣಕೈಗೆ ಇಳಿಯುತ್ತಿತ್ತು.

"ಏನಂದೆ?"

"ನಾನ್ ಮನೇಲಿ ಇಲ್ದಾಗ ಬಂದು ಬಿಚ್ತೀರ. ಬಿಚ್ಚಿ ನಿಮ್ ಥರ ಕಟ್ತೀರ. ಆಮೇಲೆ ಇಲ್ಲಿ ಬಂದು ನಗ್ತೀರ. ನಮ್ ಮನೆಗೆ ಬಂದು ಹೋಗೋವ್ರಲ್ಲಿ ನೇಯೋಕೆ ಬರೋದು ನಿಮಗೊಬ್ರಿಗೇ ತಾನೇ? ಇನ್ಯಾರು?"

ಹೇಳಿದ ಮೇಲೆ, ಆ ಕೊನೆಯ ಮಾತು ತನಗೆ ಪರಿಚಯದ್ದು ಎನ್ನಿಸಿತು. ಯಜಮಾನಿಯ ಚಿನ್ನದ ಬಳೆ ಕಾಣೆಯಾದ ದಿನ ಅವಳು ಅಡುಗೆಮನೆಯ ನಡುವೆ ನಿಂತು, "ಈ ಮನೆಯಲ್ಲಿ ಓಡಾಡೋವ್ರಲ್ಲಿ ಹೊರಗಿನವಳು ನೀನೊಬ್ಬಳೇ ತಾನೇ? ಇನ್ಯಾರು?" ಎಂದಿದ್ದಳು. ಇದೇ ಏರಿಳಿತ, ಇದೇ ಸೊಂಟದ ಮೇಲಿನ ಕೈ. ಇಜ್ಜಾ ಸೊಂಟದ ಮೇಲಿನ ಕೈಯನ್ನು ತೆಗೆದಳು. ಅದನ್ನು ಎಲ್ಲಿ ಇಡಬೇಕೆಂದು ತಿಳಿಯಲಿಲ್ಲ. ಮಮ್ಮಾಸ್ ಜಗಳಕ್ಕೆ ಹೆದರುವ ಹೆಂಗಸಲ್ಲ. ಸಂತೆಯಲ್ಲಿ ಉಣ್ಣೆಯ ಸಾಹುಕಾರನ ಗಡ್ಡಕ್ಕೆ ಕೈ ಹಾಕಿ ಬಂದವಳು. ಈಗ ಬಾಯಿ ಬಿಡುತ್ತಾಳೆ, ಈಗ ಬಿಡುತ್ತಾಳೆ ಎಂದು ಎಲ್ಲರೂ ಕಾದರು. ಅವಳು ಲಡಿಯನ್ನು ಹಂಡೆಯೊಳಗೆ ಇಳಿಸಿ, ಕೋಲನ್ನು ಗೋಡೆಗೆ ಒರಗಿಸಿ, ಇಜ್ಜಾಳ ಮುಖವನ್ನೇ ಒಂದು ಗಳಿಗೆ ನೋಡಿ, ಕಣ್ಣು ತೆಗೆದುಬಿಟ್ಟಳು. ಉತ್ತರ ಸಿಕ್ಕ ಹಾಗಾಯಿತು ಎಲ್ಲರಿಗೂ.

ಕೆಲ್ತೂಮಾ ಮಾತ್ರ ಬಿಡಲಿಲ್ಲ. "ಅಲ್ಲ ಕಣೇ, ಬಿಚ್ಚಿದ್ದಾರೆ ಅಂತ ನಿನಗೆ ಹೆಂಗ್ ಗೊತ್ತಾಯ್ತು? ನಿನ್ ಗಂಟು ಯಾವ್ದು ಇನ್ನೊಬ್ರದು ಯಾವ್ದು ಅಂತ ತಿಳಿಯೋಷ್ಟು ದೊಡ್ಡವಳಾದ್ಯಾ?"

"ಗುರುತು ಇಟ್ಟಿದ್ದೆ."

"ಏನ್ ಗುರುತು?"

ಸುಳ್ಳು ಹೇಳಬಹುದಿತ್ತು. ಆದರೆ ಅವಳು ತನ್ನ ಪಕ್ಷದ ಸಾಕ್ಷಿಯನ್ನು ಮುಂದಿಡುವ ಆತುರದಲ್ಲಿದ್ದಳು. "ನನ್ನ ಕೂದಲು," ಎಂದಳು.

ಒಬ್ಬಳು ಎದೆಗೆ ಕೈಯಿಟ್ಟುಕೊಂಡಳು. ಇನ್ನೊಬ್ಬಳು ನೆಲಕ್ಕೆ ಉಗುಳಿದಳು. ಸತ್ತವಳು ಬಿಟ್ಟುಹೋದ ಕಂಬಳಿಯಲ್ಲಿ ಬದುಕಿರುವ ಸವತಿಯ ಕೂದಲು! ಮಾಟ ಅಂದರೆ ಇನ್ನೇನು? ಇಜ್ಜಾಳಿಗೆ ಅದು ಹೊಳೆದೇ ಇರಲಿಲ್ಲ. ಅಲ್ಲ, ಅಲ್ಲ, ಬರೀ ಗುರುತಿಗೆ ಎಂದು ಅವಳು ಹೇಳುತ್ತಲೇ ಇದ್ದಳು, ಹೇಳಿದಷ್ಟೂ ಅದು ಸುಳ್ಳಿನ ಹಾಗೆ ಕೇಳಿಸುತ್ತಿತ್ತು. "ಕಾಸಾದಲ್ಲಿ ಇದನ್ನೇನಾ ಕಲ್ತಿದ್ದು?" ಎಂದಳು ಕೆಲ್ತೂಮಾ. ರಖೂಷಜ್ಜಿ ಪೊರೆ ಬಾರದ ಕಣ್ಣನ್ನು ಹಂಡೆಯಿಂದ ಎತ್ತದೆಯೇ, "ಮನೆಗ್ ಹೋಗಮ್ಮ. ನೀರು ಆರ್ತಾ ಇದೆ. ನಿಮ್ ಜಗಳದಲ್ಲಿ ನನ್ ಕೆಂಪು ಹಾಳಾಗುತ್ತೆ," ಎಂದಳು. ಇಜ್ಜಾ ಹೊರಟಳು. ಬೀದಿಯುದ್ದಕ್ಕೂ ಅವಳಿಗೆ ಒಂದೇ ಯೋಚನೆ: ಮಮ್ಮಾಸ್ ಯಾಕೆ ಬೈಯಲಿಲ್ಲ? ತಪ್ಪಿತಸ್ಥೆಯಾಗಿದ್ದರೆ ಬೈಯುತ್ತಿದ್ದಳು, ಜೋರಾಗಿಯೇ ಬೈಯುತ್ತಿದ್ದಳು. ಬಳೆ ಹೋದ ದಿನ ತಾನು ಬಾಯಿಬಿಡದೆ ನಿಂತಿದ್ದೆ, ಬಾಯಿಬಿಡದ್ದರಿಂದಲೇ ಕಳ್ಳಿಯಾದೆ. ವಾರ ಕಳೆದು ಬಳೆ ಯಜಮಾನಿಯ ಕೈಯಲ್ಲೇ ಹೊಳೆಯುತ್ತಿತ್ತು. ಎಲ್ಲಿ ಸಿಕ್ಕಿತು, ಹೇಗೆ ಸಿಕ್ಕಿತು, ಯಾರೂ ಹೇಳಲಿಲ್ಲ. ಅಂದು ಇಜ್ಜಾಳ ಚಹಾಕ್ಕೆ ಮಾತ್ರ ಎಂದಿಗಿಂತ ಸಕ್ಕರೆ ಹೆಚ್ಚು ಬಿದ್ದಿತ್ತು. ಅದನ್ನು ಅವಳು ಕುಡಿದಿದ್ದಳು, ಪೂರ್ತಿ ಕುಡಿದಿದ್ದಳು.

ಆಮೇಲಿನ ದಿನಗಳಲ್ಲಿ ಊರಿನ ಹೆಂಗಸರು ಇಜ್ಜಾಳನ್ನು ಕಂಡರೆ ಮಕ್ಕಳನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತಿದ್ದರು, ಮಮ್ಮಾಸಳನ್ನು ಕಂಡರೆ ಪಿಸುಗುಡುತ್ತಿದ್ದರು. ಸತ್ತ ನಾದಿನಿಯ ಮೇಲಿನ ಪ್ರೀತಿಗೆ ಹೊಸಬಳ ಬಾಳಿಗೆ ಕಲ್ಲು ಹಾಕುತ್ತಿದ್ದಾಳೆ ಎಂದು ಒಬ್ಬರು, ಅಲ್ಲ ಆಸ್ತಿ ಹೋಗುತ್ತದೆಂಬ ಹೊಟ್ಟೆಕಿಚ್ಚು ಎಂದು ಇನ್ನೊಬ್ಬರು. ಗೋಡೆಯಾಚೆ ಮೇಕೆಯನ್ನು ಬೈಯುವ ಸದ್ದು ನಿಂತಿತ್ತು. ಬಿಹಿಯ ಕಿವಿಗೂ ಬಿದ್ದಿರಲೇಬೇಕು. ಅವನು ಊಟಕ್ಕೆ ಕೂತರೆ ರೊಟ್ಟಿಯನ್ನು ಎಣ್ಣೆಗೆ ಅದ್ದಿ ಅದ್ದಿ ತಿನ್ನದೆ ಬಿಡುತ್ತಿದ್ದ. ಅಕ್ಕನ ಹೆಸರು ಬಂದರೆ ಎದ್ದು ಹೋಗುತ್ತಿದ್ದ. ಅಕ್ಕತಮ್ಮ ಸೇರಿಯೇ ಮಾಡುತ್ತಿರಬಹುದೇ? ಅವನ ಬೆನ್ನನ್ನು ನೋಡುತ್ತ ಇಜ್ಜಾ ಯೋಚಿಸುತ್ತಿದ್ದಳು. ಈ ಬೆನ್ನು ತನಗೆ ಪರಿಚಯವೇ ಇಲ್ಲ ಎನ್ನಿಸುತ್ತಿತ್ತು. ಅವಳು ಮತ್ತೆ ನೇಯಲು ಕೂತಳು, ಕೂದಲಿಲ್ಲದೆ, ಗುರುತಿಲ್ಲದೆ, ಬೇಕೆಂದೇ ಇನ್ನಷ್ಟು ಸೊಟ್ಟಗೆ.

ಆ ದಿನ ಬುಟ್ಟಿ ಹೊತ್ತು ಹೊಳೆಗೆಂದು ಹೊರಟವಳು ತಿರುವಿನ ಅಕ್ರೋಟ್ ಮರದ ಕೆಳಗೆ ಬುಟ್ಟಿ ಇಳಿಸಿ ಕೂತಳು. ಬಿಸಿಲು ನೆತ್ತಿಯ ಕಡೆ ಏರುವವರೆಗೂ ಕೂತಳು. ಆಮೇಲೆ ಹಿತ್ತಿಲ ಕಡೆಯಿಂದ, ಕೋಳಿಗಳು ಎದ್ದು ಗದ್ದಲ ಮಾಡದ ಹಾಗೆ, ಚಪ್ಪಲಿ ಕೈಯಲ್ಲಿ ಹಿಡಿದು ತನ್ನ ಮನೆಯೊಳಗೆ ತಾನೇ ಕಳ್ಳಿಯ ಹಾಗೆ ಬಂದಳು. ಮಗ್ಗದ ಕೋಣೆಯಿಂದ ಯಾವ ಸದ್ದೂ ಇಲ್ಲ. ಯಾರೂ ಇಲ್ಲವೆಂದು ಅರ್ಧ ನಿರಾಸೆಯಲ್ಲಿ ಬಾಗಿಲ ಸಂದಿಗೆ ಕಣ್ಣಿಟ್ಟಳು.

ಬಿಹಿ ಕೂತಿದ್ದ. ಕುರಿಯ ತೊಗಲಿನ ಮೇಲೆ, ಹೆಂಗಸರು ಕೂರುವ ಹಾಗೆ ಒಂದು ಕಾಲು ಮಡಚಿ. ಕಟ್ಟೆಯ ಕಲ್ಲು ಎತ್ತಿ ಎತ್ತಿ ಒಡೆದ ಆ ದಪ್ಪ ಬೆರಳುಗಳು ಅವಳ ಸಾಲನ್ನು ಒಂದೊಂದೇ ಗಂಟಾಗಿ ಬಿಚ್ಚುತ್ತಿದ್ದವು. ಬಿಚ್ಚಿದ ಎಳೆಗಳನ್ನು ಅವನು ಮಡಿಲಲ್ಲಿ ಹಾಕಿಕೊಳ್ಳುತ್ತಿದ್ದ. ಆಮೇಲೆ ಹೊಸ ಎಳೆ ತೆಗೆದು ಕಟ್ಟತೊಡಗಿದ. ಎಷ್ಟು ಬೇಗ! ಮಮ್ಮಾಸಳ ಕೈಯೂ ಅಷ್ಟು ಬೇಗ ಓಡುತ್ತಿರಲಿಲ್ಲ. ಹಣಿಗೆಗೆ ಬಟ್ಟೆ ಸುತ್ತಿದ್ದ, ಬಡಿದರೆ ಮಗುವಿನ ಬೆನ್ನು ತಟ್ಟಿದಷ್ಟೇ ಸದ್ದು. ನಡುನಡುವೆ ಅವನ ತುಟಿ ಅಲುಗುತ್ತಿತ್ತು. ಯಾರೋ ಪಕ್ಕದಲ್ಲಿ ಮಲಗಿ ಹೇಳುತ್ತಿರುವುದನ್ನು ತಾನೂ ಹೇಳಿಕೊಳ್ಳುವ ಹಾಗೆ. ಇಜ್ಜಾಳಿಗೆ ಮೊದಲು ಬಂದದ್ದು ನಗು. ಆಮೇಲೆ ಅವನ ಮುಖವನ್ನು ನೋಡಿದಳು. ತನ್ನ ಜೊತೆ ಕೂತು ಊಟ ಮಾಡುವಾಗ ಈ ಮನುಷ್ಯನ ಮುಖ ಇಷ್ಟು ಸಡಿಲವಾದದ್ದನ್ನು ಅವಳು ಒಂದು ದಿನವೂ ಕಂಡಿರಲಿಲ್ಲ. ಬಾಗಿಲು ತಳ್ಳಬೇಕು ಎಂದುಕೊಂಡಳು. ತಳ್ಳಿದರೆ ಅವನು ಏನಾಗುತ್ತಾನೆ ಎಂಬುದು ಕಣ್ಣಿಗೆ ಕಟ್ಟಿತು. ಹೆಂಗಸರಷ್ಟೇ ನೇಯುವ ಊರಿನಲ್ಲಿ ಮಗ್ಗಕ್ಕೆ ಕೂತ ಗಂಡಸು. ಅವಳು ಚಪ್ಪಲಿ ಹಿಡಿದುಕೊಂಡೇ ಹಿಂದೆ ಸರಿದಳು.

ಮಮ್ಮಾಸ್ ತನ್ನ ಮನೆಯ ಹೊಸ್ತಿಲ ಮೇಲೆ ಕೂತು ಉಣ್ಣೆ ಹಿಂಜುತ್ತಿದ್ದಳು. ಬರಿಗಾಲಿನ ಇಜ್ಜಾಳನ್ನು ನೋಡಿ, ಅವಳ ಕೈಯ ಚಪ್ಪಲಿಯನ್ನು ನೋಡಿ, "ನೋಡಿದ್ಯಾ?" ಎಂದಳು.

ಇಜ್ಜಾ ತಲೆ ಆಡಿಸಿದಳು.

"ಕೂತ್ಕೋ. ಅಲ್ಲೇ ನಿಂತ್ರೆ ಬೀದಿಗೆ ಕಾಣುತ್ತೆ."

ತೂದಾಳ ಕೈ ಊದಿಕೊಂಡು ಬೆರಳು ಮಡಚಲಾಗದೆ ಹೋದಾಗ ಅವಳು ಮಗ್ಗದ ಪಕ್ಕ ಹಾಸಿಗೆ ಹಾಕಿಸಿಕೊಂಡು ಮಲಗಿದಳಂತೆ. ಎರಡು ಕಂಬಳಿ ನೇಯ್ದುಕೊಡಲು ಒಪ್ಪಿಕೊಂಡಿದ್ದಳು. ಆಗುವುದಿಲ್ಲ ಎಂದರೆ ಹೆಸರು ಹೋಗುತ್ತದೆ. ಅವಳು ಹೇಳುತ್ತ ಹೋದಳು, ಬಿಹಿ ಕಟ್ಟುತ್ತ ಹೋದ. ಮೊದಲು ಅಳುತ್ತಲೇ ಕಟ್ಟಿದನಂತೆ. ಆಮೇಲೆ ಅವಳಿಗೇ ಅಸೂಯೆ ಬರುವ ಹಾಗೆ ಕಟ್ಟಿದನಂತೆ. ಹಾಗೆ ಒಂದು ಮುಗಿಯಿತು. ಎರಡನೆಯದನ್ನು ಹಟ ಹಿಡಿದು ಅವಳೇ ಶುರುಮಾಡಿ ಕೆಲವು ಸಾಲು ಕಟ್ಟಿದಳು, ಆಮೇಲೆ ಇವನು ಕಟ್ಟಿದ; ಅದು ಅರ್ಧಕ್ಕೆ ನಿಂತಿತು.

"ನನಗೊಬ್ಳಿಗೇ ಗೊತ್ತಿತ್ತು. ಈ ಊರ್ನಲ್ಲಿ ಗೊತ್ತಾದ್ರೆ ಸಂತೇಲಿ ಅವನನ್ನ ಏನಂತ ಕೂಗ್ತಾರೆ ಗೊತ್ತಾ ನಿನಗೆ? ಲಂಗ ಉಡಿಸ್ತಾರೆ ಕಣೇ, ನಿಜವಾಗ್ಲೂ ಉಡಿಸ್ತಾರೆ. ಮಸೀದಿಯಿಂದ ಬರೋ ದಾರೀಲಿ ನಿಂತು ಹಣಿಗೆ ಬಡಿದ ಹಾಗೆ ಮಾಡ್ತಾರೆ."

"ಅದಕ್ಕೇ ಸುಮ್ನಿದ್ರಾ ಅವತ್ತು?"

"ಬೈಯೋಕೆ ಬಾಯಿ ತೆರೆದಿದ್ರೆ ಇನ್ಯಾರು ಅಂತ ನೀನೇ ಕೇಳಿದ್ಯಲ್ಲ, ಅದಕ್ಕೆ ಉತ್ರ ಹೇಳ್ಬೇಕಾಗ್ತಿತ್ತು."

ಇಜ್ಜಾ ಉಣ್ಣೆಯ ಒಂದು ಉಂಡೆಯನ್ನು ಎತ್ತಿಕೊಂಡು ಸುಮ್ಮನೆ ಹಿಂಜತೊಡಗಿದಳು. ಕ್ಷಮಿಸಿ ಎನ್ನಬೇಕಿತ್ತು. ಬಾಯಿಗೆ ಬಂದದ್ದು ಬೇರೆ. "ನಿಮ್ಮನ್ನ ನಂಬ್ಲಾ ಈಗ? ಇದನ್ನ ನನಗೆ ಮೊದಲೇ ಹೇಳ್ಬಹುದಿತ್ತು."

"ಹೇಳಿದ್ರೆ ನೀನ್ ಊರಿಗೆ ಹೇಳಲ್ಲ ಅಂತ ನಾನ್ ಹೆಂಗ್ ನಂಬ್ಲಿ? ಕೂದಲು ಕಟ್ಟೋಳು ನೀನು."

ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ. ಇಜ್ಜಾ ಇನ್ನೊಂದು ಉಂಡೆ ಎತ್ತಿಕೊಂಡು ಕೇಳಿದಳು: "ನಾನ್ ಕಟ್ಟಿದ್ದು ಅಷ್ಟೊಂದು ಕೆಟ್ಟದಾಗಿತ್ತಾ ಅತ್ತಿಗೆ?"

ಮಮ್ಮಾಸ್ ಕೈ ನಿಲ್ಲಿಸಿ ಯೋಚಿಸಿದಳು. ಸಮಾಧಾನಕ್ಕೆ ಹೇಳುವವಳಲ್ಲ ಅವಳು. "ಸಡಿಲ," ಎಂದಳು. "ಬಿಚ್ಚೋ ಅಷ್ಟೇನ್ ಸಡಿಲ ಅಲ್ಲ."

ಮುಂದಿನ ಕೆಂಪಿನ ದಿನ ಇಜ್ಜಾ ಕರೆಯದಿದ್ದರೂ ಹೋದಳು. ಅಂಗಳ ಹೊಕ್ಕವಳನ್ನು ಕಂಡು ಹೆಂಗಸರು ಒಬ್ಬೊಬ್ಬರಾಗಿ ಹಂಡೆಯ ಆಚೆಗೆ ಸರಿದರು. ಮಮ್ಮಾಸ್ ದೂರದಲ್ಲಿ ಒಬ್ಬಳೇ ಲಡಿ ಹಿಂಡುತ್ತಿದ್ದಳು. ಅವಳ ಪಕ್ಕದಲ್ಲಿ ಹಿಂಡಲು ಯಾರೂ ನಿಂತಿರಲಿಲ್ಲ. ದಾರಿಯುದ್ದಕ್ಕೂ ಹೊಂದಿಸಿಕೊಂಡು ಬಂದಿದ್ದ ಮಾತುಗಳಲ್ಲಿ ಒಂದೂ ನೆನಪಿಗೆ ಬರಲಿಲ್ಲ.

"ಬಿಚ್ಚಿದ್ದು ನಾನೇ," ಎಂದಳು.

"ಏನ್ ನೀನೇ?" ಎಂದಳು ಕೆಲ್ತೂಮಾ.

"ಸಾಲು. ನಾನೇ ಕಟ್ತಿದ್ದೆ, ನೋಡೋಕಾಗ್ದೆ ನಾನೇ ಬಿಚ್ತಿದ್ದೆ. ಆಮೇಲೆ ನಾನೇ ಬಿಚ್ಚಿದ್ದು ಅನ್ನೋದು ಮರ್ತುಹೋಗ್ತಿತ್ತು. ಅತ್ತಿಗೇದು ಏನೂ ತಪ್ಪಿಲ್ಲ."

"ಅಯ್ಯೋ ದೇವ್ರೇ! ಕೂದಲು?"

"ಅದನ್ನೂ ನಾನೇ ಕಿತ್ತಿರ್ಬೇಕು."

ಯಾರೋ ಕಿಸಕ್ಕನೆ ನಕ್ಕರು. ಆ ನಗು ಹಬ್ಬಿತು. ಹೆದರಿಕೆಗಿಂತ ನಗು ಮೇಲು ಎಂದುಕೊಂಡು ಇಜ್ಜಾ ನಿಂತೇ ಇದ್ದಳು, ಕಿವಿಯ ತುದಿಯವರೆಗೂ ಬಿಸಿಯಾಗಿ. ಮಮ್ಮಾಸ್ ಮಾತ್ರ ನಗಲಿಲ್ಲ. ಕೈಯ ಲಡಿಯನ್ನು ಮತ್ತೆ ಮತ್ತೆ ಹಿಂಡುತ್ತಿದ್ದಳು, ಒಂದು ಹನಿಯೂ ಉಳಿದಿರಲಿಲ್ಲ ಅದರಲ್ಲಿ. "ಪಾಪ, ಕಾಸಾದಲ್ಲಿ ತಲೆಗೆ ಏನೋ ಆಗಿದೆ," ಎಂದು ಕೆಲ್ತೂಮಾ ಸಣ್ಣ ದನಿಯಲ್ಲಿ, ಎಲ್ಲರಿಗೂ ಕೇಳುವ ಹಾಗೆ ಹೇಳಿ, ಹೋಗಿ ಮಮ್ಮಾಸಳ ಪಕ್ಕದಲ್ಲಿ ನಿಂತು ಲಡಿಯ ಇನ್ನೊಂದು ತುದಿ ಹಿಡಿದುಕೊಂಡಳು.

ಇಜ್ಜಾ ಎಂದಿನ ಜಾಗಕ್ಕೆ ಹೋಗಿ ಗೋಡೆಗೆ ಮುಖ ಮಾಡಿದಳು. ಹಿಂದಿನಿಂದ ರಖೂಷಜ್ಜಿ ಕೂಗಿದಳು: "ಏ ಹುಚ್ಚಿ! ತಿರುಗೇ ಈ ಕಡೆ. ಮಾಟಗಾತಿ ಅಂದ್ಕೊಂಡಿದ್ದಕ್ಕೆ ಹೆದರಿದ್ದೆ. ಹುಚ್ಚೀಗೇನ್ ನಾನ್ ಹೆದರಲ್ಲ. ಬಾ, ಕೋಲ್ ಹಿಡಿ, ನನ್ ತೋಳು ಬಿದ್ದುಹೋಗ್ತಿದೆ."

ಹೀಗೆ ಅವಳು ಮೊದಲ ಬಾರಿಗೆ ಹಂಡೆಯೊಳಗೆ ನೋಡಿದಳು. ಕೆಸರಿನ ಬಣ್ಣದ ನೀರು, ಬೇರಿನ ತುಂಡುಗಳು, ಮೇಲೆ ಕೊಳೆ ನೊರೆ. ಇಷ್ಟೇ? ಇಷ್ಟಕ್ಕೇ ಮೂರು ಚಳಿಗಾಲ ಗೋಡೆ ನೋಡಿಸಿದರೇ? ತಾನು ತಿರುಗುವ ಮೊದಲೇ ನಿಜವಾದದ್ದನ್ನು ಹಾಕಿ ಮುಗಿಸಿದ್ದಾರೇನೋ ಎಂದುಕೊಳ್ಳುತ್ತ ಅವಳು ಕೋಲು ಆಡಿಸಿದಳು. ಆವಿ ಮುಖಕ್ಕೆ ಬಡಿಯಿತು. ಲಡಿಯನ್ನು ಎತ್ತಿದಾಗ ಅದು ಕೆಂಪಾಗಿತ್ತು, ಕಣ್ಣು ಕುಕ್ಕುವಷ್ಟು ಕೆಂಪಾಗಿತ್ತು, ಆ ಕೊಳೆ ನೀರಿನಿಂದ. ಅಜ್ಜಿ ಹತ್ತಿರ ಬಂದು ತಣ್ಣೀರು ಒಂದು ಚೊಂಬು ಸುರಿದಳು. ಹಂಡೆಗೆ ಏನೋ ಬಿದ್ದ ಆ ಸಣ್ಣ ಸದ್ದು ಬಹುಶಃ ಇದೇ ಇರಬಹುದು. ಬಹುಶಃ ಅಲ್ಲದಿರಬಹುದು.

ಮರುದಿನ ಅವಳು ಹೊಳೆಗೆ ಹೋಗಲಿಲ್ಲ. ಬಿಸಿಲೇರಿದ ಮೇಲೆ ಬಿಹಿ ಬಂದು ಬಾಗಿಲಲ್ಲಿ ನಿಂತ. ಅವಳು ಮಗ್ಗದ ಮುಂದೆ ಕೂತಿದ್ದಳು.

"ಹೊಳೆಗ್ ಹೋಗ್ಲಿಲ್ವಾ?"

"ಇಲ್ಲ."

ಅವನು ಮಣ್ಣು ಹತ್ತಿದ ಅಂಗೈಗಳನ್ನು ಒಂದಕ್ಕೊಂದು ಉಜ್ಜಿಕೊಂಡ. ಒಳಗೆ ಬರಲೂ ಇಲ್ಲ, ಹೋಗಲೂ ಇಲ್ಲ.

"ಬಿಚ್ಚಿದ್ದು ನಾನೇ ಅಂತ ಊರಿಗೆಲ್ಲ ಹೇಳಿದೀನಿ," ಎಂದಳು ಇಜ್ಜಾ, ಹಾಸಿನ ಎಳೆಗಳನ್ನೇ ನೋಡುತ್ತ. "ನಾನ್ ಹುಚ್ಚಿ ಈಗ. ನೀವು ಬಂದು ಕೂರ್ಬಹುದು."

ತಿರುಗಿ ನೋಡಿದರೆ ಅವನು ಬಾಗಿಲ ಚೌಕಟ್ಟಿಗೆ ಹಣೆ ಇಟ್ಟು ನಿಂತಿದ್ದ. "ಅವಳ್ ಹೇಳ್ತಿದ್ದ ಹಾಗೇ ಬರ್ಬೇಕು ಅನ್ಸೋದು," ಎಂದ. "ನಿನ್ ಮೇಲೆ ಸಿಟ್ಟಲ್ಲ. ಕೈ ಸುಮ್ನಿರಲ್ಲ, ಅಷ್ಟೇ."

"ಅವರು ಎಲ್ಲೀವರೆಗೆ ಕಟ್ಟಿದ್ರು?"

ಅವನು ಬಂದು ಬಗ್ಗಿ, ಕೆಳಗೆ ಒಂದು ಕಡೆ ಬೆರಳಿಟ್ಟು ತೋರಿಸಿದ. ಅವಳು ಅಂದುಕೊಂಡದ್ದಕ್ಕಿಂತ ಬಹಳ ಕೆಳಗಿತ್ತು ಅದು. ಅದರ ಮೇಲಿನದೆಲ್ಲ ಅವನದೇ. ಇಷ್ಟು ದಿನ ಸತ್ತವಳ ಕೈ ಎಂದುಕೊಂಡು ತಾನು ಹೆದರಿದ್ದು ಈ ಮನುಷ್ಯನ ಕೈಗೆ, ಪೈಪೋಟಿಗೆ ಬಿದ್ದಿದ್ದು ಇವನ ಜೊತೆಗೆ.

"ಇವತ್ತಿಂದ ನನ್ದು ಬಿಚ್ಬೇಡಿ," ಎಂದಳು.

"ಇಲ್ಲ."

"ನಾನ್ ನೋಡ್ತಾ ಇರ್ತೀನಿ."

"ನಂಬಿಕೆ ಇಲ್ವಾ?"

"ಇಲ್ಲ," ಎಂದಳು ಇಜ್ಜಾ. ಹೇಳಿ, ತೊಗಲಿನ ಮೇಲೆ ಒಂದು ಕಡೆಗೆ ಸರಿದು ಕೂತಳು.

ಅವನು ಕೂತ. ಅವಳು ಎಡದಿಂದ ಹಿಡಿದಳು, ಅವನು ಬಲದಿಂದ. ಅವಳು ಒಂದು ಕಟ್ಟುವಷ್ಟರಲ್ಲಿ ಅವನು ನಾಲ್ಕು ಕಟ್ಟುತ್ತಿದ್ದ. ಅವಳು ತನ್ನದನ್ನು ನೋಡುವುದಕ್ಕಿಂತ ಅವನ ಬೆರಳುಗಳನ್ನೇ ಹೆಚ್ಚು ನೋಡುತ್ತಿದ್ದಳು. ಒಮ್ಮೆ ಅವನ ಕೈ ಅವಳ ಗಂಟೊಂದರ ಹತ್ತಿರ ಬಂದು ನಿಂತಿತು. ಅವಳು ಕಟ್ಟುವುದನ್ನು ನಿಲ್ಲಿಸಿ ನೋಡಿದಳು. ಕೈ ಹಿಂದೆ ಹೋಯಿತು. ಆಗಲೇ ಬೀದಿ ಬಾಗಿಲು ಕಿರುಗುಟ್ಟಿ, "ಇಜ್ಜಾ, ಇದ್ದೀಯೇನೇ? ಜರಡಿ ಕೊಡ್ತೀಯಾ?" ಎಂದು ಕೆಲ್ತೂಮಾಳ ದನಿ ಅಂಗಳಕ್ಕೆ ಬಂತು.

ಬಿಹಿ ಎದ್ದುಬಿಟ್ಟ. ಅವನ ಎದೆಯ ಮೇಲೆ, ಗಡ್ಡದಲ್ಲಿ, ಕೆಂಪು ತುಪ್ಪುಳ ಅಂಟಿಕೊಂಡಿತ್ತು. ಇಜ್ಜಾ ಎದ್ದು, ಬೇಗ ಬೇಗ ಅದನ್ನೆಲ್ಲ ಆರಿಸಿ ತೆಗೆದು ತನ್ನ ಜೇಬಿಗೆ ಹಾಕಿಕೊಂಡು, ಜೋರಾಗಿ, "ಊಟ ಆಗಿಲ್ಲ ಇನ್ನೂ, ಹೋಗಿ ಕೈ ತೊಳ್ಕೊಳ್ಳಿ!" ಎಂದಳು. ಅವನು ಕೆಲ್ತೂಮಾಳನ್ನು ದಾಟಿ ಅಂಗಳಕ್ಕೆ ಹೋದ, ಹೆಂಡತಿಯಿಂದ ಬೈಸಿಕೊಂಡ ಗಂಡನ ಹಾಗೆ ತಲೆ ತಗ್ಗಿಸಿಕೊಂಡು.

ಕೆಲ್ತೂಮಾ ಜರಡಿ ಇಸಿದುಕೊಂಡವಳು ಹೋಗಲಿಲ್ಲ. ಮಗ್ಗದ ಹತ್ತಿರ ಬಂದು, ಸಾಲಿನ ಮೇಲೆ ಬೆರಳಾಡಿಸುತ್ತ ಎಡದಿಂದ ಬಲಕ್ಕೆ ಹೋದಳು. ಇಬ್ಬರ ಗಂಟುಗಳು ಸೇರುವ ಜಾಗಕ್ಕೆ ಸರಿಯಾಗಿ ಅವಳ ಬೆರಳು ನಿಂತಿತು.

"ಇದು ಯಾರ ಕೈಯೇ?"

"ನನ್ದೇ."

"ಇದು? ಇದೂ ನಿನ್ದೇನಾ?"

"ಒಂದೊಂದ್ಸಲ ಚೆನ್ನಾಗ್ ಬರುತ್ತೆ," ಎಂದಳು ಇಜ್ಜಾ. "ಹುಚ್ಚಿ ಅಲ್ವಾ."

ಕೆಲ್ತೂಮಾ ಅವಳನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು. ಆ ನೋಟ ಇಜ್ಜಾಳಿಗೆ ಚೆನ್ನಾಗಿ ಗೊತ್ತಿತ್ತು. ಬಾಲ್ಯವೆಲ್ಲ ಅದರ ಕೆಳಗೇ ಕಳೆದಿತ್ತು. ಈ ಸಲ ಅವಳು ಕಣ್ಣು ತಗ್ಗಿಸಲಿಲ್ಲ. ಬಚ್ಚಿಡಲು ನಿಜವಾಗಿಯೂ ಒಂದು ವಸ್ತು ಇರುವಾಗ ಹೀಗೆ ನಿಲ್ಲುವುದು ಎಷ್ಟೋ ಸುಲಭ ಎನ್ನಿಸಿ ಅವಳಿಗೇ ಆಶ್ಚರ್ಯವಾಯಿತು. ಕೆಲ್ತೂಮಾ ಹೋದಳು, ಬೀದಿ ಬಾಗಿಲ ಹತ್ತಿರ ಒಮ್ಮೆ ತಿರುಗಿ ನೋಡಿ ಹೋದಳು.

ಇಜ್ಜಾ ಮತ್ತೆ ಕೂತಳು. ಬಲಗಡೆ ಅವನು ಅವಸರದಲ್ಲಿ ಬಿಟ್ಟುಹೋದ ಗಂಟು ಅರ್ಧಕ್ಕೆ ಜೋತಾಡುತ್ತಿತ್ತು. ಎಳೆದರೆ ಬಂದುಬಿಡುತ್ತಿತ್ತು, ಅದರ ಜೊತೆಗೆ ಅದರ ಪಕ್ಕದ್ದು, ಅದರ ಪಕ್ಕದ್ದು. ತನಗಾದ ಹಾಗೆ ಅವನಿಗೂ ಒಂದು ಮಧ್ಯಾಹ್ನ ಬೆರಳಿಟ್ಟಾಗ ಇದು ತನ್ನದಲ್ಲ ಎನ್ನಿಸಲಿ. ಅವಳು ಎಳೆಯನ್ನು ಎರಡು ಬೆರಳಲ್ಲಿ ಹಿಡಿದು ಸ್ವಲ್ಪ ಹೊತ್ತು ಹಾಗೇ ಕೂತಿದ್ದಳು. ಅಂಗಳದಲ್ಲಿ ಬಿಹಿ ಕೈ ತೊಳೆಯುತ್ತಲೇ ಇದ್ದ. ನೀರಿನ ಸದ್ದು ನಿಲ್ಲುತ್ತಿರಲಿಲ್ಲ. ಕೊನೆಗೆ ಎಳೆಯನ್ನು ಹಿಂದಿನಿಂದ ಸುತ್ತಿ, ಮುಂದಕ್ಕೆ ತಂದು, ಬಿಗಿದಳು. ಅವನದಕ್ಕಿಂತ ಸಡಿಲವಾಗಿ, ಸ್ವಲ್ಪ ಎಡಕ್ಕೆ ವಾಲಿಕೊಂಡೇ ಬಂತು. ಇರಲಿ ಎಂದು ಬಿಟ್ಟಳು.